ಇಂಗ್ಲೆಂಡಿನ ಮನೆಯಲ್ಲಿ ನೀರಿನ ಪೈಪು ಸೋರಿದಾಗ: ಹೋಮ್ ಎಮರ್ಜೆನ್ಸಿ ವಿಮೆಯಿಂದ ದುರಸ್ತಿ ಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಜಲಮಂಡಳಿ ನೀರು ಬಿಡುವ ಹೊತ್ತು ಮುಗಿದರೆ ಸೋರುವ ಪೈಪೂ ಸುಮ್ಮನಾಗುತ್ತದೆ. ಸಂಪಿನಲ್ಲಿ ಮತ್ತು ತಾರಸಿಯ ಟ್ಯಾಂಕಿನಲ್ಲಿ ಇರುವ ನೀರು ಒಂದೆರಡು ದಿನ ಕೈಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ರಸ್ತೆಯಡಿಯ ಮುಖ್ಯ ಕೊಳವೆಯಿಂದ ಅಡುಗೆಮನೆಯ ನಲ್ಲಿಯವರೆಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಒತ್ತಡವಿರುತ್ತದೆ. ಅಂಗಳದ ಮಣ್ಣಿನಡಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಹಗಲಿರುಳು ಹೋಗುತ್ತಲೇ ಇರುತ್ತದೆ. ನಿಮಿಷಕ್ಕೆ ಒಂದು ಲೀಟರಿನಂತೆ ಸೋರಿದರೆ ದಿನಕ್ಕೆ 1,440 ಲೀಟರ್, ತಿಂಗಳಿಗೆ ಸುಮಾರು 43 ಘನ ಮೀಟರ್. ಇಲ್ಲಿ ಒಬ್ಬ ಮನುಷ್ಯ ದಿನಕ್ಕೆ ಬಳಸುವುದು ಸುಮಾರು 140 ಲೀಟರ್. ಹತ್ತು ಜನ ಬಳಸುವಷ್ಟು ನೀರು ಯಾರ ಕಣ್ಣಿಗೂ ಬೀಳದೆ ಮಣ್ಣಿಗೆ ಇಳಿಯುತ್ತಿರುತ್ತದೆ, ಮೀಟರ್ ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಿರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆ ವಿಮೆಯ ಜೊತೆಗೋ, ಬ್ಯಾಂಕ್ ಖಾತೆಯ ಜೊತೆಗೋ, ಪ್ರತ್ಯೇಕವಾಗಿಯೋ ಹೋಮ್ ಎಮರ್ಜೆನ್ಸಿ ವಿಮೆ, ಅಂದರೆ ಮನೆಯ ತುರ್ತು ದುರಸ್ತಿಗೆ ಕೆಲಸಗಾರರನ್ನು ಕಳುಹಿಸಿ ಖರ್ಚು ಕೊಡುವ ವಿಮೆ, ಇರಬಹುದು. ಪೈಪು ಸೋರಿದಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ವಿಮೆಯವರಿಗೆ ಫೋನ್ ಮಾಡುವುದು ಮೊದಲ ಕೆಲಸವಲ್ಲ. ಸೋರಿಕೆ ಎಲ್ಲಿದೆ ಎಂಬುದರ ಮೇಲೆ ಹಣ ಯಾರು ಕೊಡಬೇಕು ಎಂಬುದು ನಿಂತಿದೆ. ಜಾಗ ಗೊತ್ತುಮಾಡಿಕೊಳ್ಳದೆ ಫೋನ್ ಎತ್ತಿದವರನ್ನು ವಿಮೆಯವರು ನೀರಿನ ಕಂಪನಿಯ ಕಡೆಗೆ, ಕಂಪನಿಯವರು ವಿಮೆಯ ಕಡೆಗೆ ಓಡಾಡಿಸುತ್ತಾರೆ.

ಬಾಡಿಗೆ ಮನೆಯಲ್ಲಿದ್ದರೆ ಕೆಲಸ ಸುಲಭ. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ನೀರು ಸರಬರಾಜಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡಬೇಕಾದವರು ಮನೆಯ ಮಾಲೀಕರು. ನೀರು ನಿಲ್ಲಿಸಿ, ಫೋಟೊ ತೆಗೆದು, ಅವರಿಗೆ ಇಮೇಲ್ ಕಳುಹಿಸಿ. ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ) ಫ್ಲಾಟ್‌ನಲ್ಲಿದ್ದರೆ ಕಟ್ಟಡದ ಹೊರಗಿನ ಪೈಪು ಸಾಮಾನ್ಯವಾಗಿ ಫ್ರೀಹೋಲ್ಡರ್, ಅಂದರೆ ಕಟ್ಟಡದ ಮೂಲ ಮಾಲೀಕರು, ಅಥವಾ ನಿರ್ವಹಣಾ ಏಜೆಂಟರ ಪಾಲಿನದು. ನಿಮ್ಮ ಲೀಸ್ ಪತ್ರವನ್ನು ನೋಡಿ.

ಮೊದಲ ಹೆಜ್ಜೆ: ನೀರು ನಿಲ್ಲಿಸಿ

ಮನೆಗೆ ಬರುವ ನೀರನ್ನೆಲ್ಲ ನಿಲ್ಲಿಸುವ ಒಳಗಿನ ಸ್ಟಾಪ್ ಟ್ಯಾಪ್ ಬಹುತೇಕ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನಲ್ಲಿರುತ್ತದೆ. ಅಲ್ಲಿ ಇಲ್ಲದಿದ್ದರೆ ಮೆಟ್ಟಿಲಿನ ಅಡಿಯಲ್ಲಿ, ಕೆಳಮಹಡಿಯ ಶೌಚಾಲಯದಲ್ಲಿ ಅಥವಾ ಮುಂಬಾಗಿಲಿನ ಹತ್ತಿರ ಹುಡುಕಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ನೀರು ನಿಲ್ಲುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಸ್ಟಾಪ್ ಟ್ಯಾಪ್ ಬಿಗಿದುಕೊಂಡಿರುತ್ತದೆ, ಇಕ್ಕಳ ಹಿಡಿದು ಜಗ್ಗಿದರೆ ಮುರಿದು ಎರಡನೆಯ ಸೋರಿಕೆ ಶುರುವಾಗುತ್ತದೆ. ವರ್ಷಕ್ಕೆ ಎರಡು ಬಾರಿ ಅದನ್ನು ಪೂರ್ತಿ ಮುಚ್ಚಿ, ಮತ್ತೆ ಪೂರ್ತಿ ತೆರೆದು, ಕಾಲು ಸುತ್ತು ಹಿಂದಕ್ಕೆ ತಂದು ಬಿಟ್ಟರೆ ಸಡಿಲವಾಗಿಯೇ ಇರುತ್ತದೆ.

ನೀರು ವಿದ್ಯುತ್ ತಂತಿ, ಪ್ಲಗ್ ಅಥವಾ ದೀಪದ ಹತ್ತಿರ ಬಂದಿದ್ದರೆ, ಒದ್ದೆ ನೆಲ ತುಳಿಯದೆ ತಲುಪಲು ಸಾಧ್ಯವಿದ್ದಾಗ ಮಾತ್ರ ಮುಖ್ಯ ಸ್ವಿಚ್ ಆರಿಸಿ. ಬಿಸಿನೀರಿನ ಸಿಲಿಂಡರ್ ಇದ್ದರೆ ಅದರೊಳಗಿನ ವಿದ್ಯುತ್ ಹೀಟರನ್ನು (ಇಮ್ಮರ್ಶನ್ ಹೀಟರ್) ಆರಿಸಿಬಿಡಿ.

ಊರಿನಿಂದ ಅಪ್ಪ ಅಮ್ಮ ಬಂದು ಉಳಿದಿರುವ ಮನೆಗಳಿಗೆ ಒಂದು ಮಾತು. ನೀವು ಕಚೇರಿಯಲ್ಲಿದ್ದಾಗ ಪೈಪು ಒಡೆದರೆ ನೀರು ನಿಲ್ಲಿಸಬೇಕಾದವರು ಅವರೇ. ಬಂದ ದಿನವೇ ಸ್ಟಾಪ್ ಟ್ಯಾಪ್ ತೋರಿಸಿ, ಕಪಾಟಿನ ಒಳಬದಿಗೆ ‘ನೀರು ನಿಲ್ಲಿಸಲು ಬಲಕ್ಕೆ ತಿರುಗಿಸಿ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿ.

ಎರಡನೆಯ ಹೆಜ್ಜೆ: ಸೋರಿಕೆ ಎಲ್ಲಿದೆ ಎಂದು ಮೀಟರನ್ನೇ ಕೇಳಿ

ನೀರಿನ ಪೈಪನ್ನು ಮೂರು ತುಂಡುಗಳಾಗಿ ಯೋಚಿಸಿ. ರಸ್ತೆಯ ಮುಖ್ಯ ಕೊಳವೆ ಮತ್ತು ಅಲ್ಲಿಂದ ನಿಮ್ಮ ಆಸ್ತಿಯ ಗಡಿಯವರೆಗಿನ ತುಂಡು ನೀರಿನ ಕಂಪನಿಯದು. ಗಡಿಯಿಂದ ಮನೆಯ ಗೋಡೆಯವರೆಗೆ ನೆಲದಡಿ ಬರುವ ತುಂಡೇ ಸಪ್ಲೈ ಪೈಪು, ಅದು ನಿಮ್ಮದು. ಮನೆಯೊಳಗಿನ ಕೊಳಾಯಿ ವ್ಯವಸ್ಥೆಯೂ ನಿಮ್ಮದೇ. ಇಲ್ಲಿ ಬಹಳ ಜನ ಎಡವುತ್ತಾರೆ, ಅದಕ್ಕೆ ಕಾರಣವೂ ಇದೆ. 2011ರ ಅಕ್ಟೋಬರ್‌ನಲ್ಲಿ ಸರ್ಕಾರ ಹಲವು ಖಾಸಗಿ ಒಳಚರಂಡಿ ಕೊಳವೆಗಳನ್ನು ಕಂಪನಿಗಳ ಸುಪರ್ದಿಗೆ ಕೊಟ್ಟಿತು. ಮನೆಗೆ ನೀರು ತರುವ ಸಪ್ಲೈ ಪೈಪಿಗೆ ಆ ಭಾಗ್ಯ ಬರಲಿಲ್ಲ. ‘ಈಗ ಎಲ್ಲವೂ ಕಂಪನಿಯವರದೇ’ ಎಂದು ನೆರೆಯವರು ಹೇಳಿದರೆ, ಅವರು ಚರಂಡಿಯ ವಿಷಯವನ್ನು ಹೇಳುತ್ತಿದ್ದಾರೆ ಎಂದು ತಿಳಿಯಿರಿ.

ಪರೀಕ್ಷೆ ಸರಳ. ಮೀಟರ್ ಬಹುಪಾಲು ಪಾದಚಾರಿ ಮಾರ್ಗದ ಮುಚ್ಚಳದಡಿ ಇರುತ್ತದೆ. ಕಪ್ಪು ಅಂಕಿಗಳು ಘನ ಮೀಟರುಗಳನ್ನು, ಕೆಂಪು ಅಂಕಿಗಳು ಅದರ ಕೆಳಗಿನ ಲೀಟರುಗಳನ್ನು ತೋರಿಸುತ್ತವೆ. ಒಳಗಿನ ಸ್ಟಾಪ್ ಟ್ಯಾಪ್ ತೆರೆದಿಟ್ಟು, ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿ, ಬಟ್ಟೆ ಒಗೆಯುವ ಯಂತ್ರ ಮತ್ತು ಪಾತ್ರೆ ತೊಳೆಯುವ ಯಂತ್ರ ನಿಲ್ಲಿಸಿ ಮೀಟರ್ ನೋಡಿ. ಅಂಕಿ ಓಡುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಈಗ ಒಳಗಿನ ಸ್ಟಾಪ್ ಟ್ಯಾಪ್ ಮುಚ್ಚಿ ಮತ್ತೆ ನೋಡಿ. ಅಂಕಿ ನಿಂತರೆ ಸೋರಿಕೆ ಮನೆಯೊಳಗಿದೆ. ಸದ್ದಿಲ್ಲದೆ ಹರಿಯುವ ಶೌಚಾಲಯದ ಸಿಸ್ಟರ್ನ್ (ಫ್ಲಷ್ ಟ್ಯಾಂಕ್) ಅನ್ನು ಮೊದಲು ಅನುಮಾನಿಸಿ. ಸ್ಟಾಪ್ ಟ್ಯಾಪ್ ಮುಚ್ಚಿದ ಮೇಲೂ ಅಂಕಿ ಓಡುತ್ತಿದ್ದರೆ ಸೋರುತ್ತಿರುವುದು ಮೀಟರಿಗೂ ಮನೆಗೂ ನಡುವಿನ ಸಪ್ಲೈ ಪೈಪು. ಹದಿನೈದು ನಿಮಿಷದ ಅಂತರದಲ್ಲಿ ಎರಡು ಫೋಟೊ ತೆಗೆದಿಡಿ, ಎರಡರಲ್ಲೂ ಸಮಯ ದಾಖಲಾಗಿರಲಿ. ಮುಂದಿನ ಎಲ್ಲ ಮಾತುಕತೆಗೂ ಇದೇ ಸಾಕ್ಷಿ.

ಮೀಟರ್ ಇಲ್ಲದ ಮನೆಯಲ್ಲಿ ಲಕ್ಷಣಗಳನ್ನು ನೋಡಬೇಕು: ಬೇಸಿಗೆಯಲ್ಲೂ ಅಂಗಳದ ಒಂದು ಪಟ್ಟಿ ಮಾತ್ರ ಹಸಿರಾಗಿರುವುದು, ಎಲ್ಲ ನಲ್ಲಿಗಳಲ್ಲೂ ಒತ್ತಡ ಕುಗ್ಗುವುದು, ರಾತ್ರಿಯ ಮೌನದಲ್ಲಿ ಸ್ಟಾಪ್ ಟ್ಯಾಪಿನ ಹತ್ತಿರ ಕೇಳುವ ಸಣ್ಣ ಸೀಟಿಯಂಥ ಸದ್ದು. ಸ್ಮಾರ್ಟ್ ಮೀಟರ್ ಇದ್ದರೆ, ರಾತ್ರಿಯಿಡೀ ನೀರು ಹರಿಯುತ್ತಿದೆ ಎಂದು ಕಂಪನಿಯೇ ಪತ್ರ ಬರೆಯುವುದೂ ಉಂಟು. ಅಂಥ ಪತ್ರವನ್ನು ಫ್ರಿಜ್ಜಿನ ಮೇಲೆ ಇಟ್ಟು ಮರೆಯಬೇಡಿ. ‘ನಿಮಗೆ ಯಾವಾಗ ಗೊತ್ತಾಯಿತು’ ಎಂದು ವಿಮೆಯವರು ಕೇಳಿದಾಗ ಆ ಪತ್ರದ ತಾರೀಖು ಲೆಕ್ಕಕ್ಕೆ ಬರುತ್ತದೆ.

ಪೈಪು ಒಡೆಯಲು ಕಾರಣಗಳು ಹಲವು. ಲಂಡನ್ ಸುತ್ತಮುತ್ತಲಿನ ಜೇಡಿಮಣ್ಣು ಒಣ ಬೇಸಿಗೆಯಲ್ಲಿ ಕುಗ್ಗಿ, ಮಳೆಗೆ ಉಬ್ಬಿ ಪೈಪಿನ ಕೀಲುಗಳನ್ನು ಎಳೆಯುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗುವಾಗಲೂ ಒಡೆಯುತ್ತದೆ. 2018ರ ಮಾರ್ಚ್ ಆರಂಭದ ಹಿಮದ ನಂತರ ದೇಶದ ಹಲವೆಡೆ ಸಾವಿರಾರು ಮನೆಗಳು ನೀರಿಲ್ಲದೆ ಪರದಾಡಿದವು. 1970ಕ್ಕಿಂತ ಹಿಂದೆ ಕಟ್ಟಿದ ಮನೆಯಾದರೆ ಪೈಪು ಸೀಸದ್ದಾಗಿರಬಹುದು. ಬೂದು ಬಣ್ಣ, ಮೆತ್ತನೆಯ ಲೋಹ, ನಾಣ್ಯದಿಂದ ಗೀಚಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೂರನೆಯ ಹೆಜ್ಜೆ: ನೀರಿನ ಕಂಪನಿಗೆ ಒಂದು ಫೋನ್

ಸೋರಿಕೆ ಪಾದಚಾರಿ ಮಾರ್ಗದಲ್ಲೋ ರಸ್ತೆಯಲ್ಲೋ ಇದ್ದರೆ ಸಾಮಾನ್ಯವಾಗಿ ಅದು ಕಂಪನಿಯ ಜವಾಬ್ದಾರಿ, ನಿಮಗೆ ಖರ್ಚಿಲ್ಲ. ನಿಮ್ಮ ಸಪ್ಲೈ ಪೈಪಿನಲ್ಲೇ ಇದ್ದರೂ ಕಂಪನಿಗೆ ಕರೆ ಮಾಡಿ. ಹಲವು ಕಂಪನಿಗಳು ಮನೆಬಳಕೆಯ ಗ್ರಾಹಕರ ಮೊದಲ ಸೋರಿಕೆಯನ್ನು ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ಸರಿಪಡಿಸಿಕೊಡುತ್ತವೆ. ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ. ಕಟ್ಟಡದ ಅಡಿಯಲ್ಲಿ ಹೋಗುವ ಪೈಪಿಗೆ ಸಾಮಾನ್ಯವಾಗಿ ಈ ಸೌಲಭ್ಯ ಅನ್ವಯಿಸುವುದಿಲ್ಲ. ಈ ದಾರಿ ತೆರೆದಿದ್ದರೆ ವಿಮೆಯ ಕ್ಲೇಮನ್ನೇ ಹಾಕಬೇಕಿಲ್ಲ. ವರ್ಷಕ್ಕೆ ಇಷ್ಟೇ ಬಾರಿ ಎಂಬ ಮಿತಿಯಿರುವ ಪಾಲಿಸಿಯ ಒಂದು ಅವಕಾಶ ಹಾಗೆಯೇ ಉಳಿಯುತ್ತದೆ.

ಸುಮ್ಮನೆ ಕೂತರೆ ಏನಾಗುತ್ತದೆ ಎಂಬುದೂ ತಿಳಿದಿರಲಿ. 1991ರ ವಾಟರ್ ಇಂಡಸ್ಟ್ರಿ ಕಾಯ್ದೆಯ 75ನೇ ಸೆಕ್ಷನ್ ಅಡಿಯಲ್ಲಿ, ನೀರು ಪೋಲಾಗುತ್ತಿದೆ, ದುರಸ್ತಿ ಮಾಡಿಸಿ ಎಂದು ಕಂಪನಿ ನಿಮಗೆ ನೋಟಿಸ್ ಕೊಡಬಹುದು. ಕೊಟ್ಟ ಗಡುವಿನೊಳಗೆ ಮಾಡಿಸದಿದ್ದರೆ ತಾನೇ ಮಾಡಿ ಖರ್ಚನ್ನು ನಿಮ್ಮಿಂದ ವಸೂಲು ಮಾಡಬಹುದು. ನೋಟಿಸ್ ಬಂದಿದ್ದರೆ ಅದರ ಪ್ರತಿಯನ್ನು ವಿಮೆಯವರಿಗೂ ಕಳುಹಿಸಿ. ಕೆಲಸ ತುರ್ತಿನದು ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಸಿಗುವುದಿಲ್ಲ.

ಹಳೆಯ ಸಾಲುಮನೆಗಳಲ್ಲಿ ಒಂದೇ ಸಪ್ಲೈ ಪೈಪು ನಾಲ್ಕೈದು ಮನೆಗಳಿಗೆ ನೀರು ಕೊಡುತ್ತಿರಬಹುದು. ಆಗ ಹಂಚಿಕೊಂಡ ಭಾಗದ ದುರಸ್ತಿ ಎಲ್ಲರ ಜವಾಬ್ದಾರಿ, ನಿಮ್ಮ ವಿಮೆ ನಿಮ್ಮ ಪಾಲನ್ನಷ್ಟೇ ಕೊಡಬಹುದು. ಅಗೆತ ಶುರುವಾಗುವ ಮೊದಲೇ ನೆರೆಮನೆಯವರ ಬಾಗಿಲು ತಟ್ಟಿ ಮಾತಾಡಿ, ಮಾತಾಡಿದ್ದನ್ನು ಒಂದು ಮೆಸೇಜಿನಲ್ಲಿ ಬರೆದು ಕಳುಹಿಸಿ.

ನಾಲ್ಕನೆಯ ಹೆಜ್ಜೆ: ಪಾಲಿಸಿಯನ್ನು ಓದಿ

ಇಲ್ಲಿ ಅರ್ಧ ಗಂಟೆ ಕಳೆಯುವುದು ಲಾಭದ ಕೆಲಸ. ಮೊದಲು ‘ಎಮರ್ಜೆನ್ಸಿ’ ಎಂಬುದನ್ನು ಪಾಲಿಸಿ ಹೇಗೆ ವಿವರಿಸಿದೆ ನೋಡಿ. ಸಾಮಾನ್ಯವಾಗಿ ಅದು ದಿಢೀರನೆ, ಅನಿರೀಕ್ಷಿತವಾಗಿ ಆದ ಘಟನೆ. ಮನೆಗೆ ಹಾನಿಯಾಗದಂತೆ ತಡೆಯಲು ಅಥವಾ ಅಗತ್ಯ ಸೇವೆಯನ್ನು ಮರಳಿ ಪಡೆಯಲು ಕೂಡಲೇ ಕ್ರಮ ಬೇಕಾಗಿರಬೇಕು. ನಲ್ಲಿಯಲ್ಲಿ ನೀರು ಬರುತ್ತಲೇ ಇದ್ದು, ಅಂಗಳದಲ್ಲಿ ಮಾತ್ರ ನಿಧಾನವಾಗಿ ಸೋರುತ್ತಿದ್ದರೆ ಕೆಲವರು ಇದನ್ನು ತುರ್ತು ಎಂದು ಒಪ್ಪುವುದಿಲ್ಲ.

ಎರಡನೆಯದಾಗಿ, ಮನೆಯ ಹೊರಗಿನ ಸಪ್ಲೈ ಪೈಪು ಸೇರಿದೆಯೇ? ಅಗ್ಗದ ಪಾಲಿಸಿಗಳು ‘ಕೊಳಾಯಿ ಮತ್ತು ಚರಂಡಿ’ ಎಂದು ಹೇಳಿ, ಒಳಪುಟದಲ್ಲಿ ಮನೆಯ ಗೋಡೆಯವರೆಗೆ ಮಾತ್ರ ಎಂದು ಸೀಮೆ ಹಾಕಿರುತ್ತವೆ. ಗಡಿಯಿಂದ ಮನೆಯವರೆಗಿನ ಪೈಪಿಗೆ ರಕ್ಷಣೆ ಇದೆ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಮೂರನೆಯದು ಹಣದ ಮಿತಿ. ಒಂದು ಕ್ಲೇಮಿಗೆ 500 ಪೌಂಡ್, 1,000 ಪೌಂಡ್ ಎಂಬಂಥ ಮಿತಿಗಳು ಸಾಮಾನ್ಯ, ಅದಕ್ಕಿಂತ ಹೆಚ್ಚಿನವೂ ಇವೆ. ಅದರಲ್ಲಿ ಕೂಲಿ, ಸಾಮಗ್ರಿ ಮತ್ತು ಶೇ 20ರ ವ್ಯಾಟ್ ಎಲ್ಲ ಸೇರಿದೆಯೇ ಎಂದು ನೋಡಿ. ಸಪ್ಲೈ ಪೈಪು ಸಾಮಾನ್ಯವಾಗಿ 750 ಮಿಲಿಮೀಟರಿನಿಂದ 1,350 ಮಿಲಿಮೀಟರ್ ಆಳದಲ್ಲಿರುತ್ತದೆ. ಅಷ್ಟು ಅಗೆದು ಮುಚ್ಚುವ ಕೂಲಿಯೇ ಮಿತಿಯ ದೊಡ್ಡ ಪಾಲನ್ನು ತಿನ್ನುತ್ತದೆ. ಎಕ್ಸೆಸ್, ಅಂದರೆ ನೀವು ಕೈಯಿಂದ ಕೊಡಬೇಕಾದ ಮೊದಲ ಮೊತ್ತ ಎಷ್ಟು ಎಂಬುದನ್ನೂ ಗುರುತು ಹಾಕಿಕೊಳ್ಳಿ.

ನಾಲ್ಕನೆಯದು, ಅಗೆದ ಜಾಗವನ್ನು ಮೊದಲಿನಂತೆ ಮಾಡಿಕೊಡುತ್ತಾರೆಯೇ? ಹೆಚ್ಚಿನವರು ಮಣ್ಣು ತುಂಬಿ ಸಮ ಮಾಡಿ ಹೋಗುತ್ತಾರೆ. ನಿಮ್ಮ ಡ್ರೈವ್‌ವೇಯ ಬ್ಲಾಕ್ ಹಾಸು, ಟಾರು ಅಥವಾ ಹುಲ್ಲುಹಾಸು ನಿಮ್ಮ ಖರ್ಚಿನಲ್ಲೇ ಆಗಬೇಕು.

ಇನ್ನುಳಿದವು ಚುಟುಕಾಗಿ. ಹೊಸ ಪಾಲಿಸಿಯಲ್ಲಿ ಮೊದಲ 14 ಅಥವಾ 28 ದಿನ ಕ್ಲೇಮ್ ಹಾಕುವಂತಿಲ್ಲ ಎಂಬ ಷರತ್ತು ಇರಬಹುದು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ದೋಷಕ್ಕೆ ಹಣ ಬರುವುದಿಲ್ಲ; ಸೋರುವುದು ಕಂಡ ಮೇಲೆ ವಿಮೆ ಕೊಳ್ಳಲು ಹೊರಡುವುದು ವ್ಯರ್ಥ.

ಹೋಮ್ ಎಮರ್ಜೆನ್ಸಿ ವಿಮೆ ಮತ್ತು ಬಿಲ್ಡಿಂಗ್ಸ್ ವಿಮೆ ಎರಡೂ ಒಂದೇ ಅಲ್ಲ. ಸೋರಿದ ನೀರಿನಿಂದ ಗೋಡೆ, ನೆಲ ಹಾಳಾದರೆ ಅದಕ್ಕೆ ಬಿಲ್ಡಿಂಗ್ಸ್ ವಿಮೆ. ಆಕಸ್ಮಿಕವಾಗಿ ಹಾನಿಯಾದ ನೆಲದಡಿಯ ಪೈಪಿಗೂ ಅದು ಎಷ್ಟೋ ವೇಳೆ ಹಣ ಕೊಡುತ್ತದೆ, ಆದರೆ ಹಳೆಯದಾಗಿ ಸವೆದ ಪೈಪಿಗೆ ಕೊಡುವುದಿಲ್ಲ. ಸೋರಿಕೆಯನ್ನು ಹುಡುಕಲು ನೆಲ ಒಡೆಯುವ ಖರ್ಚಿಗೆ ಅದರಲ್ಲಿ ‘ಟ್ರೇಸ್ ಅಂಡ್ ಆಕ್ಸೆಸ್’ ಎಂಬ ಬೇರೆಯೇ ಅಂಶವಿರುತ್ತದೆ. ಎಮರ್ಜೆನ್ಸಿ ಪಾಲಿಸಿಯ ಮಿತಿ ಸಾಲದಾದಾಗ ಅನೇಕರ ಕೈಹಿಡಿಯುವುದು ಈ ಅಂಶ. ಎರಡೂ ಪಾಲಿಸಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ.

ಐದನೆಯ ಹೆಜ್ಜೆ: ವಿಮೆಯವರಿಗೆ ಕರೆ

ಪಾಲಿಸಿಯಲ್ಲಿರುವ 24 ಗಂಟೆಯ ಸಹಾಯವಾಣಿಗೇ ಕರೆ ಮಾಡಿ. ಪರಿಚಯದ ಪ್ಲಂಬರನ್ನು ಮೊದಲು ಕರೆಸಿ ಆಮೇಲೆ ಬಿಲ್ ಕಳುಹಿಸಿದರೆ ಬಹುತೇಕ ಪಾಲಿಸಿಗಳಲ್ಲಿ ಹಣ ಬರುವುದಿಲ್ಲ. ಅವರು ಕಳುಹಿಸಿದ ಅಥವಾ ಮುಂಚೆ ಒಪ್ಪಿದ ಕೆಲಸಗಾರರೇ ಮಾಡಬೇಕು.

ಮಾತು ಚಿಕ್ಕದಾಗಿ, ಖಚಿತವಾಗಿ ಇರಲಿ. ‘ಗಡಿ ಮತ್ತು ಮನೆಯ ನಡುವಿನ ಸಪ್ಲೈ ಪೈಪು ಸೋರುತ್ತಿದೆ. ಒಳಗಿನ ಸ್ಟಾಪ್ ಟ್ಯಾಪ್ ಮುಚ್ಚಿದರೂ ಮೀಟರ್ ಓಡುತ್ತಿದೆ. ಇಂಥ ತಾರೀಖಿನಂದು ಗಮನಕ್ಕೆ ಬಂತು. ನೀರಿನ ಕಂಪನಿಗೆ ತಿಳಿಸಿದ್ದೇವೆ.’ ಇಷ್ಟು ಹೇಳಿ, ನಂತರ ಪರಿಣಾಮಗಳನ್ನು ಹೇಳಿ: ನೀರು ಅಡಿಪಾಯದತ್ತ ಹೋಗುತ್ತಿದೆಯೇ, ಒತ್ತಡ ಕುಸಿದಿದೆಯೇ, ನೆರೆಮನೆಗೆ ತೊಂದರೆಯಾಗುತ್ತಿದೆಯೇ, ಮನೆಯಲ್ಲಿ ಪುಟ್ಟ ಮಗು ಅಥವಾ ವಯಸ್ಸಾದವರು ಇದ್ದಾರೆಯೇ. ‘ತುಂಬ ದಿನದಿಂದ ಸ್ವಲ್ಪ ಸೋರುತ್ತಿತ್ತು ಅನ್ನಿಸುತ್ತದೆ’ ಎಂಬಂಥ ಊಹೆಯ ಮಾತು ಬೇಡ. ಕಂಡದ್ದನ್ನು ಮಾತ್ರ ಹೇಳಿ. ಇದರರ್ಥ ಮುಚ್ಚಿಡಿ ಎಂದಲ್ಲ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಪಾಲಿಸಿ ಕೊಳ್ಳುವಾಗ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಹೋಗದಂತೆ ಎಚ್ಚರ ವಹಿಸುವುದು ನಿಮ್ಮ ಹೊಣೆ. ಕ್ಲೇಮಿನಲ್ಲಿ ಸುಳ್ಳು ಸೇರಿಸಿದರೆ ಇಡೀ ಕ್ಲೇಮೇ ಬಿದ್ದುಹೋಗುತ್ತದೆ.

ಫೋನ್ ಇಡುವ ಮೊದಲು ರೆಫರೆನ್ಸ್ ಸಂಖ್ಯೆ, ಮಾತಾಡಿದವರ ಹೆಸರು ಮತ್ತು ಕೆಲಸಗಾರರು ಬರುವ ಸಮಯ ಬರೆದುಕೊಳ್ಳಿ. ಸೋರಿಕೆ ಪತ್ತೆ ಮಾಡುವ ಖರ್ಚು ಕ್ಲೇಮಿನ ಮಿತಿಯೊಳಗೆ ಬರುತ್ತದೆಯೇ, ಬೇರೆಯೇ ಎಂದು ಕೇಳಿ. ತಕ್ಷಣ ಒಂದು ಇಮೇಲ್ ಕಳುಹಿಸಿ, ಮೀಟರಿನ ಎರಡು ಫೋಟೊಗಳನ್ನೂ ಲಗತ್ತಿಸಿ.

ಆರನೆಯ ಹೆಜ್ಜೆ: ಪ್ಲಂಬರ್ ಬಂದ ದಿನ

ಅವರು ಮುಟ್ಟುವ ಮೊದಲು ಅಂಗಳದ ಫೋಟೊ ತೆಗೆಯಿರಿ. ಸೋರಿಕೆ ಹುಡುಕಲು ಸದ್ದು ಕೇಳುವ ಕಡ್ಡಿ ಅಥವಾ ಯಂತ್ರ ಬಳಸುತ್ತಾರೆ. ಅದರಿಂದ ಸಿಗದಿದ್ದರೆ ಪೈಪಿನಲ್ಲಿ ಹೈಡ್ರೋಜನ್ ಶೇ 5, ಸಾರಜನಕ ಶೇ 95 ಇರುವ ಸುರಕ್ಷಿತ ಅನಿಲ ತುಂಬಿ ಅದು ಎಲ್ಲಿ ಮೇಲೇಳುತ್ತದೆ ಎಂದು ನೋಡುತ್ತಾರೆ. ಸಲಿಕೆ ಹಾಕುವ ಮುನ್ನ ವಿದ್ಯುತ್ ಕೇಬಲ್ ಪತ್ತೆ ಮಾಡುವ ಉಪಕರಣದಿಂದ ನೆಲವನ್ನು ಪರೀಕ್ಷಿಸಿದರೇ ಎಂದು ಕೇಳಲು ಸಂಕೋಚ ಬೇಡ.

ಇಲ್ಲಿ ಒಂದು ನಿರ್ಧಾರ ಬರುತ್ತದೆ: ತೇಪೆಯೋ, ಹೊಸ ಪೈಪೋ? ವಿಮೆ ಸಾಮಾನ್ಯವಾಗಿ ಸೋರುವ ಜಾಗದ ದುರಸ್ತಿಗೆ ಮಾತ್ರ ಹಣ ಕೊಡುತ್ತದೆ. ನೀಲಿ ಪ್ಲಾಸ್ಟಿಕ್ ಪೈಪಾದರೆ ಅದು ಸಾಕು. ಸೀಸದ ಪೈಪಾದರೆ ಮಾತ್ರ ನನ್ನ ಸಲಹೆ ಬೇರೆ: ತೇಪೆಯಿಂದ ಇವತ್ತಿನ ಸೋರಿಕೆ ನಿಲ್ಲಿಸಿ, ಆದಷ್ಟು ಬೇಗ ಪೂರ್ತಿ ಬದಲಿಸಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಇಲ್ಲಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ, ಮತ್ತು ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಅಂಗಳವನ್ನು ಉದ್ದಕ್ಕೂ ಅಗೆಯಬೇಕೆಂದಿಲ್ಲ. ಎರಡು ತುದಿಯಲ್ಲಿ ಗುಂಡಿ ತೋಡಿ ನಡುವೆ ನೆಲದಡಿಯಲ್ಲೇ ದಾರಿ ಕೊರೆದು 25 ಮಿಲಿಮೀಟರಿನ ನೀಲಿ ಪೈಪು ಎಳೆಯುವ ಮೋಲಿಂಗ್ ಎಂಬ ವಿಧಾನವಿದೆ. ನಿಮ್ಮ ಭಾಗದ ಸೀಸವನ್ನು ನೀವು ಬದಲಿಸಿದರೆ ಕಂಪನಿ ತನ್ನ ಭಾಗದ ಸೀಸವನ್ನು ಉಚಿತವಾಗಿ ಬದಲಿಸುವುದು ಸಾಮಾನ್ಯ. ಅದಕ್ಕೆ ಕೆಲಸಕ್ಕೆ ಮೊದಲೇ ಅರ್ಜಿ ಹಾಕಬೇಕು, ಗುಂಡಿ ಮುಚ್ಚುವ ಮುನ್ನ ಕಂಪನಿಯವರು ಬಂದು ನೋಡುವುದೂ ಉಂಟು. ಸ್ವಂತ ಖರ್ಚಿನ ಕೆಲಸಕ್ಕೆ ವಾಟರ್‌ಸೇಫ್ (ಅನುಮೋದಿತ ಪ್ಲಂಬರುಗಳ ಪಟ್ಟಿ) ನೋಂದಣಿಯಲ್ಲಿರುವ ಪ್ಲಂಬರುಗಳಿಂದ ಎರಡು ಮೂರು ದರಪಟ್ಟಿ ತರಿಸಿ.

ಕೆಲಸ ಮುಗಿದ ಮೇಲೆ ಅವರು ಹೊರಡುವ ಮುನ್ನ ಜಾಬ್ ಶೀಟ್ ಕೇಳಿ ಪಡೆಯಿರಿ. ಸೋರಿಕೆ ಇದ್ದ ಜಾಗ, ಕಾರಣ, ಪೈಪಿನ ಬಗೆ, ದುರಸ್ತಿಯ ತಾರೀಖು ಮತ್ತು ಅದು ತಾತ್ಕಾಲಿಕವೋ ಶಾಶ್ವತವೋ ಎಂಬುದು ಅದರಲ್ಲಿ ಬರೆದಿರಬೇಕು. ಅಂದು ರಾತ್ರಿಯೇ ಮೀಟರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಹಳೆಯ ಪೈಪಿನಲ್ಲಿ ಒಂದು ತೂತು ಮುಚ್ಚಿದರೆ ಒತ್ತಡ ಏರಿ ಇನ್ನೊಂದು ತೆರೆದುಕೊಳ್ಳುವುದು ಅಪರೂಪವೇನಲ್ಲ.

ಏಳನೆಯ ಹೆಜ್ಜೆ: ಬಿಲ್ಲಿನ ರಿಯಾಯಿತಿ ಕೇಳಿ

ಪೈಪು ಸರಿಯಾಯಿತೆಂದು ಬಹಳ ಜನ ಇಲ್ಲಿಗೆ ಬಿಟ್ಟುಬಿಡುತ್ತಾರೆ, ನೂರಾರು ಪೌಂಡ್ ಕಳೆದುಕೊಳ್ಳುತ್ತಾರೆ. ಮೀಟರ್ ಇರುವ ಮನೆಯವರಿಗೆ ಸೋರಿಹೋದ ನೀರಿನ ಹಣದಲ್ಲಿ ರಿಯಾಯಿತಿ ಕೊಡುವ ಲೀಕೇಜ್ ಅಲೊವೆನ್ಸ್ ಪದ್ಧತಿ ಕಂಪನಿಗಳಲ್ಲಿದೆ. ದುರಸ್ತಿಯನ್ನು ಗಡುವಿನೊಳಗೆ ಮಾಡಿಸಿರಬೇಕು, ಅದಕ್ಕೆ ಪುರಾವೆ ಕೊಡಬೇಕು. ಜಾಬ್ ಶೀಟ್ ಬೇಕಾಗುವುದು ಇಲ್ಲೇ. ಮಣ್ಣಿಗೆ ಇಳಿದ ನೀರು ಚರಂಡಿಗೆ ಹೋಗಿಲ್ಲವಾದ್ದರಿಂದ ಒಳಚರಂಡಿ ಶುಲ್ಕದಲ್ಲೂ ಕಡಿತ ಕೇಳಿ. ಆ ಸೇವೆ ಬೇರೆ ಕಂಪನಿಯದಾಗಿದ್ದರೆ ಅಲ್ಲಿಗೂ ಅರ್ಜಿ ಹೋಗಬೇಕು.

ವಿಮೆಯವರು ಒಪ್ಪದಿದ್ದರೆ

ಫೋನಿನಲ್ಲಿ ‘ಆಗುವುದಿಲ್ಲ’ ಎಂದರೆ ಅದನ್ನೇ ಅಂತಿಮ ಎಂದುಕೊಳ್ಳಬೇಡಿ. ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದೀರಿ ಎಂದು ಬರಹದಲ್ಲಿ ಕೇಳಿ. ನಂತರ ಔಪಚಾರಿಕ ದೂರು ಕೊಡಿ, ಇಮೇಲಿನ ವಿಷಯದ ಸಾಲಿನಲ್ಲೇ ‘ಕಂಪ್ಲೇಂಟ್’ ಎಂಬ ಪದವಿರಲಿ. ಅಂತಿಮ ಉತ್ತರ ಕೊಡಲು ಅವರಿಗೆ ಎಂಟು ವಾರ ಸಮಯವಿದೆ. ಉತ್ತರ ತೃಪ್ತಿ ತರದಿದ್ದರೆ, ಅಥವಾ ಬಾರದೇ ಇದ್ದರೆ, ವಿಮೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಗ್ರಾಹಕರಿಗೆ ಅದು ಉಚಿತ, ವಕೀಲರ ಅಗತ್ಯವಿಲ್ಲ. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು. ಜಗಳ ನೀರಿನ ಕಂಪನಿಯ ಜೊತೆಗಾದರೆ, ಕಂಪನಿಗೆ ದೂರು ಕೊಟ್ಟ ಮೇಲೂ ಬಗೆಹರಿಯದಿದ್ದಾಗ ನೀರಿನ ಗ್ರಾಹಕರ ಪರವಾಗಿ ಮಾತಾಡುವ ಕನ್ಸ್ಯೂಮರ್ ಕೌನ್ಸಿಲ್ ಫಾರ್ ವಾಟರ್ ಇದೆ.

ವಿಮೆ ಇನ್ನೂ ಕೊಂಡಿಲ್ಲದವರು ನೀರಿನ ಬಿಲ್ಲಿನ ಜೊತೆ ಬರುವ ಕರಪತ್ರಕ್ಕೆ ಕೂಡಲೇ ಸಹಿ ಹಾಕಬೇಡಿ. ಈ ವ್ಯಾಪಾರದ ದೊಡ್ಡ ಹೆಸರಾದ ಹೋಮ್‌ಸರ್ವ್‌ಗೆ ಪಾಲಿಸಿಗಳನ್ನು ತಪ್ಪಾಗಿ ಮಾರಿದ್ದಕ್ಕೂ, ದೂರುಗಳನ್ನು ಸರಿಯಾಗಿ ನೋಡಿಕೊಳ್ಳದಿದ್ದಕ್ಕೂ ಹಣಕಾಸು ನಿಯಂತ್ರಕ ಸಂಸ್ಥೆ 2014ರಲ್ಲಿ 3 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿತ್ತು. ಬಿಲ್ಡಿಂಗ್ಸ್ ವಿಮೆಯಲ್ಲೇ ಇರುವ ರಕ್ಷಣೆಯನ್ನು ಮತ್ತೊಮ್ಮೆ ಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊಂಡ ಮೇಲೆ ಬೇಡವೆನಿಸಿದರೆ 14 ದಿನದೊಳಗೆ ರದ್ದು ಮಾಡಬಹುದು.

ಊರಿಗೆ ಹೊರಡುವ ಮೊದಲು

ಬಹಳಷ್ಟು ಪಾಲಿಸಿಗಳಲ್ಲಿ ಮನೆ ಸತತವಾಗಿ 30 ದಿನ, ಕೆಲವದರಲ್ಲಿ 60 ದಿನ ಖಾಲಿ ಇದ್ದರೆ ರಕ್ಷಣೆ ಇಲ್ಲ. ಶಾಲೆಯ ಬೇಸಿಗೆ ರಜೆ ಆರು ವಾರ, ಅಂದರೆ 42 ದಿನ. ರಜೆಯಿಡೀ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಳೆಯುವ ಕುಟುಂಬ ತನಗೇ ಗೊತ್ತಿಲ್ಲದೆ ಆ ಗೆರೆ ದಾಟಿರುತ್ತದೆ. ಟಿಕೆಟ್ ಮಾಡಿಸಿದ ವಾರವೇ ವಿಮೆಯವರಿಗೆ ತಿಳಿಸಿ, ಅವರು ಒಪ್ಪಿದ್ದನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಇಲ್ಲೇ ಇರುವ ಸ್ನೇಹಿತರೊಬ್ಬರ ಹೆಸರನ್ನು ನಿಮ್ಮ ಪರವಾಗಿ ಮಾತಾಡುವ ಅಧಿಕಾರವಿರುವವರೆಂದು ಪಾಲಿಸಿಯಲ್ಲಿ ಸೇರಿಸಿ. ಇಲ್ಲದಿದ್ದರೆ ಗೌಪ್ಯತೆಯ ಕಾರಣ ಹೇಳಿ ಅವರ ಜೊತೆ ಮಾತೇ ಆಡುವುದಿಲ್ಲ, ನೀವು ಭಾರತದ ಮಧ್ಯರಾತ್ರಿಯಲ್ಲಿ ಸಹಾಯವಾಣಿಯ ಸಂಗೀತ ಕೇಳುತ್ತ ಕೂರಬೇಕಾಗುತ್ತದೆ. ಡಿಸೆಂಬರಿನಲ್ಲಿ ಹೊರಡುವವರು ಮನೆಯ ತಾಪಮಾನ ಎಷ್ಟಿರಬೇಕೆಂದು ಪಾಲಿಸಿ ಹೇಳಿದೆ ನೋಡಿ ಹೀಟಿಂಗ್ ಅಷ್ಟಕ್ಕೆ ಇಟ್ಟು ಹೋಗಿ. ಒಂದು ಕೀಲಿಯನ್ನು ನೆರೆಮನೆಯವರಿಗೆ ಕೊಡಿ. ಬಾಗಿಲು ಹಾಕುವ ಮುನ್ನ ಒಳಗಿನ ಸ್ಟಾಪ್ ಟ್ಯಾಪ್ ಮುಚ್ಚಿ, ಮೀಟರಿನ ಒಂದು ಫೋಟೊ ತೆಗೆದಿಡಿ. ಮರಳಿ ಬಂದಾಗಲೂ ಅಂಕಿ ಅಷ್ಟೇ ಇರಬೇಕು.